ಕೂಸಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು: ಮೂರನ್ನೂ ಹೊಂದಿಸುವ ಬಗೆ

ಗಂಡು ಕೂಸು ಹುಟ್ಟಿದ ಮನೆಗೆ ನೋಡಲು ಹೋದವರ ಮೊದಲ ಮಾತು "ಬಾಣಂತಿ ಆರಾಮ ಅದಾಳೇನು?" ಆದರೆ ಎರಡನೆಯದು "ಹೆಸರ ಏನ ಇಡಾವ್ರು?" ಅಷ್ಟರಲ್ಲಿ ಮನೆಮಂದಿ ಮೊಬೈಲಿನಲ್ಲಿ ನೂರಾರು ಹೆಸರುಗಳ ಪಟ್ಟಿ ತೆರೆದು ಕೂತಿರುತ್ತಾರೆ. ವಿಹಾನ, ಅಥರ್ವ, ರಿಯಾಂಶ. ಪಟ್ಟಿಯಲ್ಲಿ ಪ್ರತಿ ಹೆಸರೂ ಒಂಟಿಯಾಗಿ, ಚೆಂದಾಗಿ ನಿಂತಿರುತ್ತದೆ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಯಾವ ಹುಡುಗನ ಹೆಸರೂ ಒಂಟಿಯಾಗಿ ನಿಲ್ಲುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಿಂದ ಹೊಲದ ಉತಾರದವರೆಗೆ (ಉತಾರ ಎಂದರೆ ಪಹಣಿ) ಅದರ ಬೆನ್ನಿಗೆ ಅಪ್ಪನ ಹೆಸರು, ಅದರ ಬೆನ್ನಿಗೆ ಅಡ್ಡಹೆಸರು ಬರಲೇಬೇಕು. (ಮೈಸೂರು ಕಡೆಯವರಿಗೆ ಒಂದು ಮಾತು: ನಮ್ಮಲ್ಲಿ ಅಡ್ಡಹೆಸರು ಎಂದರೆ ಮನೆತನದ ಹೆಸರು, ಚೇಷ್ಟೆಗೆ ಕರೆಯುವ ಹೆಸರಲ್ಲ.)

ಹಾಗಾಗಿ ಮಗನಿಗೆ ಒಪ್ಪುವ ನಡುವಿನ ಹೆಸರು ಯಾವುದು ಎಂದು ಹುಡುಕುವ ಕಷ್ಟ ನಮಗಿಲ್ಲ. ಅದು ಕೂಸು ಹುಟ್ಟುವ ಮೊದಲೇ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿರುತ್ತದೆ. ನಮ್ಮ ಕೆಲಸ ತಿರುವುಮುರುವು: ನಡುವಿನ ಹೆಸರಿಗೂ ಕೊನೆಯ ಹೆಸರಿಗೂ ಒಪ್ಪುವ ಮೊದಲ ಹೆಸರನ್ನು ಆರಿಸುವುದು. ಜೊತೆಗೆ, ಆ ನಡುವಿನ ಹೆಸರನ್ನು ಹೇಗೆ ಬರೆಯಬೇಕು ಎಂದು ಮೊದಲೇ ತೀರ್ಮಾನಿಸುವುದು. ಈ ಎರಡನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ.

ಈ ಮೂರು ತುಂಡಿನ ಪದ್ಧತಿ ಮುಂಬಯಿ ಪ್ರಾಂತ್ಯದ ಕಾಲದ್ದು. 1956ರ ನವೆಂಬರ್ 1ರವರೆಗೆ ನಾವು ಆ ಕಡೆಯವರೇ ಆಗಿದ್ದೆವು. ಮರಾಠಿಗರಲ್ಲಿ, ಗುಜರಾತಿಗಳಲ್ಲಿ ಇರುವ ಕ್ರಮವೇ ನಮ್ಮ ಕಾಗದಪತ್ರಗಳಲ್ಲೂ ಉಳಿದುಬಂದಿದೆ. ಜಮಖಂಡಿ ತಾಲೂಕಿನ ಸಾವಳಗಿಯವರಾದ, ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರು ಬಸಪ್ಪ ದಾನಪ್ಪ ಜತ್ತಿ. ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಡಿ.ಸಿ. ಪಾವಟೆಯವರು ದಾದಪ್ಪ ಚಿಂತಪ್ಪ ಪಾವಟೆ. ಎರಡನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಅಪ್ಪ, ಅಪ್ಪ ಎಂದು ಎರಡು ಸಲ ಬಂದು ಕೊನೆಗೆ ಗಿಡ್ಡ ಅಡ್ಡಹೆಸರಿನಲ್ಲಿ ಹೆಜ್ಜೆ ಊರಿ ನಿಲ್ಲುತ್ತದೆ. ಆಗಿನವರು ಪಟ್ಟಿ ನೋಡಿ ಇಟ್ಟ ಹೆಸರಲ್ಲ ಇವು, ಆದರೂ ನಡಿಗೆ ಇದೆ.

ಮೊದಲು ಅಪ್ಪನ ಕಾಗದ ತೆಗೆಯಿರಿ

ಹೆಸರಿನ ಪಟ್ಟಿಗೆ ಕೈಹಾಕುವ ಮುಂಚೆ ಅಪ್ಪನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾನ್ ಕಾರ್ಡ್, ಮದುವೆ ನೋಂದಣಿ ಪತ್ರ ಇವಿಷ್ಟನ್ನು ಸಾಲಾಗಿ ಇಟ್ಟು ನೋಡಿ. ನಾಲ್ಕರಲ್ಲೂ ಒಂದೇ ಹೆಸರಿದ್ದರೆ ನೀವು ಪುಣ್ಯವಂತರು. ಸಾಮಾನ್ಯವಾಗಿ ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ. ಒಂದರಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಬರೀ ಇನಿಶಿಯಲ್ ಇರುತ್ತದೆ.

ನನ್ನ ಮನೆಯದೇ ಹೇಳುತ್ತೇನೆ. ನನ್ನ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಈರಪ್ಪ. ಮುತ್ಯಾನ, ಅಂದರೆ ಅಜ್ಜನ ಕಾಲದಿಂದ ಬಂದ ಹೊಲದ ಉತಾರದಲ್ಲಿ ವೀರಪ್ಪ. ಬಾಯಿಮಾತಿನಲ್ಲಿ ಎರಡೂ ಒಂದೇ. ಅಪ್ಪ ಇರುವವರೆಗೆ ಯಾರೂ ಕೇಳಲಿಲ್ಲ. ಅಪ್ಪ ಹೋದ ಮೇಲೆ ವಾರಸಾ ಹಚ್ಚಲು, ಅಂದರೆ ಹೊಲವನ್ನು ನನ್ನ ಹೆಸರಿಗೆ ಮಾಡಿಸಲು ಹೋದಾಗ, ಆ ವೀರಪ್ಪನ ಮಗ ನಾನೇ ಎಂದು ತೋರಿಸಲು ಬಾಂಡ್ ಪೇಪರಿನ ಮೇಲೆ "ಈರಪ್ಪ ಉರ್ಫ ವೀರಪ್ಪ" ಎಂದು ಬರೆಸಿ, ನೋಟರಿ ಮಾಡಿಸಿ, ಊರಿನ ಹಿರಿಯರಿಬ್ಬರನ್ನು ಕರೆದೊಯ್ದು, ಒಂದು ಬೇಸಿಗೆ ಪೂರ್ತಿ ಓಡಾಡಬೇಕಾಯಿತು. ಒಂದು ವಕಾರದ ಸಲುವಾಗಿ!

ಹಾಗಾಗಿ ಮಗನ ನಡುವಿನ ಹೆಸರಾಗಿ ಅಪ್ಪನನ್ನು ಓಣಿಯಲ್ಲಿ ಕರೆಯುವ ಹೆಸರು ಬೇಡ, ಅಪ್ಪನ ಆಧಾರ್ ಮತ್ತು ಅಂಕಪಟ್ಟಿಯಲ್ಲಿರುವ ಹೆಸರು ಬರಲಿ. ಅವೆರಡೂ ಬೇರೆಬೇರೆಯಾಗಿದ್ದರೆ ಮಗನ ಹೆಸರು ಬರೆಸುವ ಮುಂಚೆ ಅಪ್ಪನದನ್ನು ಸರಿಪಡಿಸಿಕೊಳ್ಳಿ. ಆಧಾರದಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಅದನ್ನು ಹುಡುಗಾಟಕ್ಕೆ ಕಳೆಯಬೇಡಿ.

ಇಂಗ್ಲಿಷ್ ಅಕ್ಷರಗಳ ತಂಟೆ ಬೇರೆಯೇ. ಗೌಡ ಎಂಬಲ್ಲಿ ಒಬ್ಬರು 'ಯು' ಬರೆದರೆ ಇನ್ನೊಬ್ಬರು 'ಡಬ್ಲ್ಯು' ಬರೆಯುತ್ತಾರೆ. ಪಾಟೀಲದಲ್ಲಿ ಒಂದು 'ಐ' ಸಾಕೋ, 'ಇ' ಎರಡು ಬೇಕೋ? ಯಾವುದಾದರೂ ಸರಿ, ಅಪ್ಪನದು ಹೇಗಿದೆಯೋ ಮಗನದೂ ಹಾಗೇ ಇರಲಿ. ಇನ್ನು ಬಸನಗೌಡ, ಮಲ್ಲನಗೌಡ, ದಸ್ತಗೀರಸಾಬ, ಲಾಲಸಾಬ ಇಂಥ ಹೆಸರುಗಳನ್ನು ಕೂಡಿಸಿಯೇ ಬರೆಸಿ. "ಬಸನ ಗೌಡ" ಎಂದು ನಡುವೆ ಜಾಗ ಬಿಟ್ಟರೆ ಕಂಪ್ಯೂಟರಿಗೆ ಅದು ಎರಡು ಹೆಸರು. ಮುಂದೆ ಯಾವುದೋ ಅರ್ಜಿಯಲ್ಲಿ ಗೌಡ ಎನ್ನುವುದೇ ಅಡ್ಡಹೆಸರಾಗಿ, ನಿಜವಾದ ಅಡ್ಡಹೆಸರು ಬೀದಿಪಾಲಾಗುತ್ತದೆ.

ಬಾಯಿಬಿಟ್ಟು ಕರೆದು ನೋಡಿ

ಈಗ ಮಗನಿಗೆ ಮನಸ್ಸಿಗೆ ಬಂದ ನಾಲ್ಕಾರು ಹೆಸರು ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಅಪ್ಪನ ಹೆಸರು, ಅಡ್ಡಹೆಸರು ಜೋಡಿಸಿ. ಶಾಲೆಯ ಗ್ಯಾದರಿಂಗಿನಲ್ಲಿ ಮಾಸ್ತರರು ಮೈಕ್ ಹಿಡಿದು ಬಹುಮಾನಕ್ಕೆ ಕರೆಯುವ ಧಾಟಿಯಲ್ಲಿ ಗಟ್ಟಿಯಾಗಿ ಕರೆಯಿರಿ. ಮನಸ್ಸಿನಲ್ಲೇ ಓದಿದರೆ ಉಪಯೋಗವಿಲ್ಲ, ದೋಷ ಗೊತ್ತಾಗುವುದು ನಾಲಿಗೆಗೆ.

ಮೊದಲು ಕೇಳಬೇಕಾದದ್ದು ಕೀಲು, ಅಂದರೆ ಮೊದಲ ಹೆಸರಿನ ಬಾಲಕ್ಕೂ ಅಪ್ಪನ ಹೆಸರಿನ ತಲೆಗೂ ಇರುವ ಬೆಸುಗೆ. ಅಕ್ಷಯ ಒಳ್ಳೆಯ ಹೆಸರು, ಯಲ್ಲಪ್ಪ ಒಳ್ಳೆಯ ಹೆಸರು. ಕೂಡಿಸಿದರೆ ಒಂದು 'ಯ' ಗಂಟಲಲ್ಲೇ ಉಳಿದು "ಅಕ್ಷಯಲ್ಲಪ್ಪ" ಆಗುತ್ತದೆ. ಪ್ರಣವ ವಿಠ್ಠಲ, ನಿಶಾಂತ ತಮ್ಮಣ್ಣ ಇವೂ ಇದೇ ಜಾತಿ. ಅಪ್ಪನ ಹೆಸರು ಸ್ವರದಿಂದ ಶುರುವಾದರೆ ಸಂಧಿಯಾಗುತ್ತದೆ: ಆದಿತ್ಯ ಅಶೋಕ ಎಂದು ಬೇಗ ಹೇಳಿದರೆ ಆದಿತ್ಯಾಶೋಕ. ಅಲ್ಲಿ ಇಕಾರ, ಉಕಾರದಲ್ಲಿ ಮುಗಿಯುವ ಹೆಸರು ಬಚಾವು: ಶ್ರೀಹರಿ ಅಶೋಕ, ಶಂಭು ಅಶೋಕ ಎರಡೂ ಬಿಡಿಬಿಡಿಯಾಗಿ ಕೇಳುತ್ತವೆ.

ಎರಡನೆಯದು ತೂಕ. ಅಪ್ಪ ಮಲ್ಲಿಕಾರ್ಜುನ, ಅಡ್ಡಹೆಸರು ಮೆಣಸಿನಕಾಯಿ ಇದ್ದರೆ ಅಲ್ಲಿಗೇ ಹನ್ನೊಂದು ಅಕ್ಷರ ಆಯಿತು. ಅದರ ಮುಂದೆ ಮೃತ್ಯುಂಜಯ ಎಂದು ಕೂಡಿಸಿದರೆ ಹಾಲ್‌ಟಿಕೀಟಿನ ಖಾನೆ ಸಾಲದು, ಕರೆಯುವವರ ಉಸಿರೂ ಸಾಲದು. ಅಂಥ ಮನೆಗೆ ಓಂ, ವೀರ, ನಿಖಿಲ ಇಂಥವು ಸಾಕು. ಅಪ್ಪ ರವಿ, ಅಡ್ಡಹೆಸರು ಕತ್ತಿ ಇದ್ದರೆ ಲೆಕ್ಕ ಉಲ್ಟಾ. "ಯಶ ರವಿ ಕತ್ತಿ" ಎಂಬುದು ಮೂರು ಏಟು ಕೊಟ್ಟಂತೆ ಕೇಳುತ್ತದೆ, "ಸಂಗಮೇಶ ರವಿ ಕತ್ತಿ" ಎಂಬುದಕ್ಕೆ ಒಂದು ಇಳಿಜಾರು ಸಿಗುತ್ತದೆ. ಮೂರರಲ್ಲಿ ಒಂದು ಉದ್ದ ಇರಲಿ, ಒಂದು ಗಿಡ್ಡ ಇರಲಿ. ನನ್ನ ಕಿವಿಗಂತೂ ಗಿಡ್ಡದ್ದು ಕೊನೆಗೆ ಬಂದರೇ ಸೊಗಸು, ಜತ್ತಿ, ಪಾವಟೆ ಬಂದ ಹಾಗೆ. ಆದರೆ ಅಡ್ಡಹೆಸರು ನಮ್ಮ ಕೈಯಲ್ಲಿಲ್ಲವಲ್ಲ.

ಮೂರನೆಯದು ಬಹಳ ಮಂದಿ ಗಮನಿಸದ ತಪ್ಪು. ಅಪ್ಪ ಪ್ರಕಾಶ ಇದ್ದಾಗ ಮಗನಿಗೆ ಸೂರ್ಯ ಅಂತಲೋ ಓಂ ಅಂತಲೋ ಇಟ್ಟರೆ ಏನಾಗುತ್ತದೆ? "ಸೂರ್ಯ ಪ್ರಕಾಶ ಹೊಸಮನಿ" ಎಂದು ಓದಿದವರು ಸೂರ್ಯಪ್ರಕಾಶ ಎಂಬುದು ಒಂದೇ ಹೆಸರು, ಅಪ್ಪನ ಹೆಸರು ಬಿಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ಪಡಿತರ ಚೀಟಿಯಲ್ಲಿ ಕೂಡಿಸಿ ಬರೆದುಬಿಡುತ್ತಾರೆ. ವಿಜಯ ಕುಮಾರ, ಜಯ ಪ್ರಕಾಶ, ಚಂದ್ರ ಶೇಖರ, ಶಿವ ಶಂಕರ ಇವೆಲ್ಲ ಅಪ್ಪನನ್ನು ನುಂಗುವ ಜೋಡಿಗಳು. ಅಪ್ಪನ ಹೆಸರು ಕುಮಾರ, ಪ್ರಕಾಶ, ಶೇಖರ, ಶಂಕರ, ರಾಜ, ಆನಂದ ಇದ್ದವರು ಇಲ್ಲಿ ಹುಷಾರಾಗಿರಬೇಕು.

ಅಡ್ಡಹೆಸರಿನ ಅರ್ಥವನ್ನೂ ಒಂದು ಕಣ್ಣಲ್ಲಿ ನೋಡಿ. ನಮ್ಮ ಸೀಮೆಯ ಅಡ್ಡಹೆಸರುಗಳು ಸಂತೆಗೆ ಹೋಗಿಬಂದಂಥವು: ಬೆಲ್ಲದ, ತುಪ್ಪದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಕಸುಬಿನವೂ ಇವೆ: ಬಡಿಗೇರ, ಕಂಬಾರ, ಹೂಗಾರ, ಗಾಣಿಗೇರ. ಮಧುರ ಎಂದು ಹೆಸರಿಟ್ಟು ಬೆಲ್ಲದ ಎಂದು ಮುಗಿಸಿದರೆ, ಶೀತಲ ಎಂದು ಶುರುಮಾಡಿ ಮೆಣಸಿನಕಾಯಿಗೆ ತಂದು ನಿಲ್ಲಿಸಿದರೆ, ಐದನೆಯ ತರಗತಿಯ ಹುಡುಗರು ಬಿಟ್ಟಾರೆಯೇ? ಹಾಗೆಂದು ಅಡ್ಡಹೆಸರನ್ನೇ ಬಿಟ್ಟು ಊರಿನ ಹೆಸರು ಹಚ್ಚಿಕೊಳ್ಳುವುದು ನನಗೆ ಸರಿಬರುವುದಿಲ್ಲ. ಘೋಡಗೇರಿಯ ಚಂದ್ರಶೇಖರ ಬಸವಣ್ಣೆಪ್ಪ ಕಂಬಾರರು ಕಸುಬಿನ ಹೆಸರನ್ನು ಹಾಗೇ ಇಟ್ಟುಕೊಂಡೇ ಜ್ಞಾನಪೀಠದವರೆಗೆ ಹೋದರು.

ಅದೇ ರೀತಿ, "ವಿವಾನ ಯಲ್ಲಪ್ಪ ಉಳ್ಳಾಗಡ್ಡಿ" ಎಂಬಲ್ಲಿ ಹೊಸದು ಹಳೆಯದು ಕೂಡುವುದಿಲ್ಲ ಎಂದು ಮುಖ ಕಿವಿಚುವವರಿದ್ದಾರೆ. ಕೆಲವರು ಅದಕ್ಕೆ ಯಲ್ಲಪ್ಪನನ್ನು 'ವೈ' ಎಂಬ ಒಂದೇ ಅಕ್ಷರಕ್ಕೆ ಇಳಿಸಿಬಿಡುತ್ತಾರೆ. ನಾನು ಬೇಡ ಎನ್ನುತ್ತೇನೆ. ಕೂಡದಂತೆ ಕೇಳುವುದು ಎರಡು ದಿನ. ಆಮೇಲೆ ಕಿವಿಗೆ ರೂಢಿಯಾಗುತ್ತದೆ.

ಇನಿಶಿಯಲ್ ಪರೀಕ್ಷೆ

ನಮ್ಮಲ್ಲಿ ದೊಡ್ಡವರಾದ ಮೇಲೆ ಹೆಸರು ಹಿಡಿದು ಕರೆಯುವವರು ಕಡಿಮೆ. ಆಫೀಸಿನಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ "ಎಸ್.ಬಿ. ಪಾಟೀಲರು", "ಎಂ.ಆರ್. ಕುಲಕರ್ಣಿಯವರು" ಎಂದೇ. ಹಾಗಾಗಿ ಮೊದಲೆರಡು ಅಕ್ಷರ ಜೋಡಿಸಿ ನೋಡುವುದು ಅಗತ್ಯ. ಪ್ರವೀಣನ ಅಪ್ಪ ಚನ್ನಪ್ಪ ಆದರೆ ಹುಡುಗ ಜೀವನಪೂರ್ತಿ ಪಿ.ಸಿ.; ಎಷ್ಟು ಓದಿದರೂ ಪೊಲೀಸ್ ಪೇದೆ ಎಂಬ ನಗೆಮಾತು ತಪ್ಪದು. ಬಿ.ಪಿ., ಟಿ.ಬಿ. ಎರಡೂ ದವಾಖಾನಿಯ ಮಾತು. ಟಿ.ಸಿ. ಶಾಲೆ ಬಿಡಿಸುವ ಕಾಗದ. ದರ್ಶನ ಚನ್ನಪ್ಪ ಎಂದಿಟ್ಟರೆ ಮಾತ್ರ ಅಜ್ಜಿಯರಿಗೆ ಖುಷಿ, "ಹುಟ್ಟಿದ ದಿನಾನ ಡಿ.ಸಿ. ಆದ ನೋಡ".

ತಮಾಷೆ ಬಿಟ್ಟು ಹೇಳುವುದಾದರೆ, ಅಣ್ಣತಮ್ಮಂದಿರಿಗೆ ಒಂದೇ ಅಕ್ಷರದ ಹೆಸರಿಡುವುದೇ ದೊಡ್ಡ ಪಜೀತಿ. ಸಚಿನ, ಸಾಗರ ಎಂದು ಪ್ರಾಸ ಕೂಡಿಸಿ ಇಟ್ಟರೆ ಇಬ್ಬರೂ ಎಸ್.ಬಿ. ಪಾಟೀಲ. ಒಂದೇ ಮನೆ, ಒಂದೇ ವಿಳಾಸ. ಒಬ್ಬನ ಬ್ಯಾಂಕ್ ನೋಟೀಸು ಇನ್ನೊಬ್ಬನ ಕೈಗೆ. ಮೊದಲ ಮಗ 'ಸ' ಆಗಿದ್ದರೆ ಎರಡನೆಯವನಿಗೆ ಬೇರೆ ಅಕ್ಷರ ಹುಡುಕಿ.

ಪಾಟೀಲ, ಬಿರಾದಾರ, ಹಿರೇಮಠ ಇಂಥ ಅಡ್ಡಹೆಸರಿನವರಿಗೆ ಇನ್ನೊಂದು ಮಾತು. ವಿಜಯಪುರದ ಯಾವ ಕಾಲೇಜಿನ ಯಾವ ತರಗತಿಗೆ ಹೋದರೂ ಇಬ್ಬರು ಮೂವರು ಎಸ್.ಬಿ. ಪಾಟೀಲರು ಸಿಗುತ್ತಾರೆ. ನಡು ಮತ್ತು ಕೊನೆ ಎರಡೂ ಎಲ್ಲರಂತೆ ಇರುವಾಗ ಗುರುತು ಉಳಿಯುವುದು ಮೊದಲ ಹೆಸರಿನಿಂದ ಮಾತ್ರ. ಆ ಮನೆಗಳಲ್ಲಿ ಅಪರೂಪದ ಮೊದಲ ಹೆಸರು ಶೋಕಿಯಲ್ಲ, ಅನುಕೂಲ.

ಮುತ್ಯಾನ ಹೆಸರು ಬಂದರೆ

ಹಿರಿಯ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ನಮ್ಮಲ್ಲಿ ಇನ್ನೂ ಗಟ್ಟಿಯಾಗಿರುವ ರೂಢಿ. ಮುತ್ಯಾ ತೀರಿಹೋಗಿದ್ದರಂತೂ "ಮುತ್ಯಾನ ಹುಟ್ಟಿ ಬಂದಾನ" ಎಂದು ಮಾತು ಮುಗಿದುಹೋಗುತ್ತದೆ. ಇದರಿಂದ ಹೆಸರು ತಲೆಮಾರಿನಿಂದ ತಲೆಮಾರಿಗೆ ಮೊದಲು–ನಡು ಜಾಗ ಬದಲಿಸುತ್ತ ಹೋಗುತ್ತದೆ. ವಿಜಯಪುರದವರು ಇದನ್ನು ದಿನಾ ನೋಡುತ್ತಾರೆ: ಅಲ್ಲಿನ ವೈದ್ಯಕೀಯ ಕಾಲೇಜಿಗೆ ಹೆಸರಾದವರು ಬಿ.ಎಂ. ಪಾಟೀಲ, ಅವರ ಮಗ ಎಂ.ಬಿ. ಪಾಟೀಲ. ಈ ಮನೆಗಳಿಗೆ ಹೊಂದಿಕೆಯ ಚಿಂತೆಯೇ ಇಲ್ಲ. ಎರಡು ತಲೆಮಾರು ನಾಲಿಗೆ ತಿರುಗಿ ನುಣುಪಾದ ಜೋಡಿ ಅದು.

ತೊಡಕಾಗುವುದು ಸೊಸೆಗೆ. ಮಾವನ ಹೆಸರು ಹಿಡಿದು ಕೂಸನ್ನು ಹೇಗೆ ಬೈಯುವುದು? ಅದಕ್ಕೇ ಇಂಥ ಹುಡುಗರು ಮನೆಯಲ್ಲಿ ಮುತ್ಯಾ, ಅಜ್ಜಾ, ಅಪ್ಪು ಆಗಿರುತ್ತಾರೆ. ಕಾಗದದ ಹೆಸರು ಶಾಲೆಗೆ ಸೇರುವಾಗಲೇ ಅವರಿಗೆ ಗೊತ್ತಾಗುವುದು.

ಸೊಸೆಗೆ ಹೊಸ ಹೆಸರು ಬೇಕು, ಅತ್ತೆಗೆ ಹಳೆಯದು ಬೇಕು ಎಂದಾದರೆ ನಡುದಾರಿ ಇದೆ. ಸಂಗಪ್ಪನನ್ನು ಸಂಗಮೇಶ ಮಾಡಿ, ಕೂಡಲಸಂಗಮವೂ ಉಳಿಯಿತು, ಮುತ್ಯಾನೂ ಉಳಿದ. ಮಲ್ಲಪ್ಪ ಮಲ್ಲಿಕಾರ್ಜುನ ಆಗಬಹುದು, ಭೀಮಪ್ಪ ಭೀಮಸೇನ, ಸಿದ್ದಪ್ಪ ಸಿದ್ಧಾರ್ಥ, ಈರಪ್ಪ ವೀರೇಶ. ಇಲ್ಲವೇ ತೊಟ್ಟಿಲಲ್ಲಿ ಮುತ್ಯಾನ ಹೆಸರು ಕೂಗಿ, ದಾಖಲೆಗೆ ಬೇರೆಯದು ಬರೆಸಿ. ಜಾತಕದ ಅಕ್ಷರಕ್ಕೂ ಇದೇ ಉಪಾಯ. ಹಸ್ತಾ ನಕ್ಷತ್ರದ ಮೂರನೆಯ ಪಾದಕ್ಕೆ 'ಣ' ಬರುತ್ತದೆ, ಆರ್ದ್ರೆಯ ಮೂರನೆಯದಕ್ಕೆ 'ಙ'. ಆ ಅಕ್ಷರದಿಂದ ಹೆಸರು ತೆಗೆಯುವ ಪಂಡಿತರನ್ನು ನಾನಿನ್ನೂ ನೋಡಿಲ್ಲ.

ಒಂದನ್ನು ಮಾತ್ರ ಮಾಡಬೇಡಿ. ಎಲ್ಲರನ್ನೂ ಸಮಾಧಾನಪಡಿಸಲು ಹೊಸ ಹೆಸರು, ಮುತ್ಯಾನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ನಾಲ್ಕನ್ನು ಪೋಣಿಸಬೇಡಿ. ಪಾನ್ ಅರ್ಜಿಯಲ್ಲಿ ಮೂರೇ ಖಾನೆ. ಪಾಸ್‌ಪೋರ್ಟಿನಲ್ಲಿ ಎರಡೇ: ಅಡ್ಡಹೆಸರು ಒಂದರಲ್ಲಿ, ಉಳಿದದ್ದೆಲ್ಲ ಇನ್ನೊಂದರಲ್ಲಿ. ನಾಲ್ಕನೆಯದು ಯಾವುದಾದರೊಂದು ಕಡೆ ಉದುರಿಹೋಗುತ್ತದೆ, ಉದುರಿದ ಕಡೆ ನೀವು ಬೇರೆ ಮನುಷ್ಯ.

ತಾಯಿಯ ಹೆಸರು ನಡುವೆ ಬರಬಹುದೇ?

ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರದಲ್ಲಿ ಬೀಗರಿರುವವರು ಈಚೆಗೆ ಇದನ್ನು ಕೇಳುತ್ತಿದ್ದಾರೆ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರಕಾರಿ ದಾಖಲೆಯಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ತಂದಿದ್ದಾರೆ. ಅದು ಅಲ್ಲಿಯ ನಿಯಮ. ಬಾಣಂತನಕ್ಕೆ ಮಿರಜಿಗೆ ಹೋಗಿ ಅಲ್ಲೇ ಹೆರಿಗೆಯಾದರೆ ಜನನ ನೋಂದಣಿಯೂ ಅಲ್ಲೇ ಆಗುತ್ತದೆ ಎಂಬುದನ್ನು ನೆನಪಿಡಿ, ಏಕೆಂದರೆ ಹುಟ್ಟಿದ ಜಾಗದಲ್ಲೇ ನೋಂದಣಿ.

ಒಬ್ಬಳೇ ಮಗುವನ್ನು ಸಾಕುವ ತಾಯಿ ತನ್ನ ಹೆಸರನ್ನೇ ನಡುವೆ ಇಟ್ಟರೆ ಯಾರೂ ಹುಬ್ಬೇರಿಸುವ ಕಾರಣವಿಲ್ಲ. ಪಾಸ್‌ಪೋರ್ಟಿಗೆ 2016ರ ಕೊನೆಯಿಂದ ತಂದೆ ತಾಯಿಯಲ್ಲಿ ಒಬ್ಬರ ಹೆಸರಿದ್ದರೂ ಸಾಕು. ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ದೇವದಾಸಿ ಪದ್ಧತಿಯ ನೆರಳು ಬಿದ್ದ ಊರುಗಳಲ್ಲಿ ಅವ್ವನ ಹೆಸರನ್ನೇ ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೋದ ಮಕ್ಕಳು ಎಷ್ಟೋ. ಹೊಂದಿಕೆಯ ಲೆಕ್ಕ ಇಲ್ಲಿಯೂ ಅದೇ. ತಾಯಿಯ ಹೆಸರು ಆಕಾರಾಂತವೋ ಇಕಾರಾಂತವೋ ಇರುವುದರಿಂದ ಅಡ್ಡಹೆಸರಿಗೆ ಅಂಟುವುದಿಲ್ಲ: ಸಮರ್ಥ ಕಸ್ತೂರಿ ಹೂಗಾರ. ಎಷ್ಟು ಸಲೀಸು!

ಬರೆಸುವ ಕೆಲಸ

ಕೂಸು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ದವಾಖಾನಿಯಲ್ಲಿ ಹುಟ್ಟಿದರೆ ಅವರೇ ವರದಿ ಕಳಿಸುತ್ತಾರೆ. ಮನೆಯಲ್ಲಿ ಹುಟ್ಟಿದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯತಿಗೆ ತಿಳಿಸಬೇಕು; ಮೊದಲು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಬೇಕಿತ್ತು, ನಾವಿನ್ನೂ ತಲಾಟಿ ಎಂದೇ ಕರೆಯುವವರು. ಊರಲ್ಲಿ ನಗರಸಭೆ ಅಥವಾ ಮಹಾನಗರ ಪಾಲಿಕೆ. ಹೆಸರು ಇನ್ನೂ ಒಪ್ಪಿತವಾಗಿಲ್ಲ ಎಂದು ಗಾಬರಿ ಬೇಡ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಅದು ದಾಟಿದರೆ ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ದವಾಖಾನಿಯ ಕೌಂಟರಿನಲ್ಲಿ ನಿಂತು, ಹಿಂದಿನವರು ನೂಕುತ್ತಿರುವಾಗ, ಬಾಯಿಗೆ ಬಂದದ್ದು ಬರೆಸಿ ಬರುವುದಕ್ಕಿಂತ ಖಾಲಿ ಬಿಟ್ಟು ಬರುವುದೇ ಜಾಣತನ. ಆದರೆ ಖಾಲಿ ಬಿಟ್ಟದ್ದನ್ನು ಮರೆತರೆ ಶಾಲೆಗೆ ಹಚ್ಚುವ ಜೂನ್ ತಿಂಗಳಲ್ಲಿ ಅಳಬೇಕಾಗುತ್ತದೆ.

2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಈ ಕಾಗದದ ತೂಕ ಹೆಚ್ಚಾಗಿದೆ. ಶಾಲೆ, ಆಧಾರ್, ಮತದಾರರ ಪಟ್ಟಿ, ವಾಹನ ಲೈಸೆನ್ಸ್, ಸರಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನಾಂಕದ ಪುರಾವೆ ಜನನ ಪ್ರಮಾಣಪತ್ರವೇ. ಮೊದಲೆಲ್ಲ ಒಂದನೆಯ ತರಗತಿಗೆ ಹಚ್ಚುವಾಗ ಮಾಸ್ತರರು ಬರೆದದ್ದೇ ಹೆಸರು, ಅವರು ಹೇಳಿದ್ದೇ ಹುಟ್ಟಿದ ದಿನ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಜೂನ್ 1ರಂದು ಹುಟ್ಟಿದ್ದು ಹಾಗೆಯೇ.

ಫಾರ್ಮಿನಲ್ಲಿ ತಂದೆಯ ಹೆಸರಿಗೆ, ತಾಯಿಯ ಹೆಸರಿಗೆ ಬೇರೆ ಖಾನೆಗಳಿರುತ್ತವೆ. ಅದನ್ನು ನೋಡಿ ಮಗುವಿನ ಖಾನೆಯಲ್ಲಿ ಬರೀ "ಸಂಗಮೇಶ" ಎಂದು ಬರೆಯುವವರೇ ಹೆಚ್ಚು. ತಂದೆಯ ಖಾನೆಯಿಂದ ಅದು ತಾನಾಗಿ ಬಂದು ಅಂಟಿಕೊಳ್ಳುವುದಿಲ್ಲ. ಮುಂದೆ ಆಧಾರ್ ಕೂಡ ಬರೀ ಸಂಗಮೇಶ ಎಂದೇ ಬರುತ್ತದೆ, ನಡುವೂ ಇಲ್ಲ, ಕೊನೆಯೂ ಇಲ್ಲ. ಮಗುವಿನ ಖಾನೆಯಲ್ಲೇ ಮೂರನ್ನೂ ಬರೆಯಿರಿ, ಪೂರ್ತಿ ಬರೆಯಿರಿ. ಇನಿಶಿಯಲ್ ಬೇಡ. ಹುಡುಗ ನಾಳೆ ಬೆಂಗಳೂರಿಗೆ ಓದಲು ಹೋದರೆ ಅಲ್ಲಿ ಇನಿಶಿಯಲ್ ಹೆಸರಿನ ಮುಂದೆ ಬರುತ್ತದೆ, ನಮ್ಮಲ್ಲಿ ಹಿಂದೆ. "ಸಂಗಮೇಶ ಬಿ. ಪಿ." ಎಂದಿದ್ದುದು "ಬಿ.ಪಿ. ಸಂಗಮೇಶ" ಆಗಿ, ಬಿ ಎಂದರೆ ಊರೋ ಅಪ್ಪನೋ ಎಂಬ ಪ್ರಶ್ನೆ ಹುಟ್ಟುತ್ತದೆ. ಬಸವರಾಜ ಎಂದು ಬಿಡಿಸಿ ಬರೆದರೆ ಯಾರೂ ಕೇಳುವುದಿಲ್ಲ.

ಬರೆದುಕೊಡುವಾಗ ಬಾಯಲ್ಲಿ ಹೇಳಬೇಡಿ. ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷ್ ದೊಡ್ಡಕ್ಷರದಲ್ಲೂ ಬರೆದು ಕೊಡಿ. ಅವರು ಕಂಪ್ಯೂಟರಿನಲ್ಲಿ ಹಾಕಿದ ಮೇಲೆ, ಪ್ರಿಂಟ್ ತೆಗೆಯುವ ಮುಂಚೆ, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ. ಅಲ್ಪಪ್ರಾಣ ಮಹಾಪ್ರಾಣ ನೋಡಿ, ಸಿದ್ಧ ಸಿದ್ದ ನೋಡಿ, ಅಪ್ಪನ ಹೆಸರಿನ ನಡುವೆ ಜಾಗ ಬಿದ್ದಿದೆಯೇ ನೋಡಿ. ಕ್ಯೂನಲ್ಲಿ ಹಿಂದಿದ್ದವರು ಗೊಣಗಿದರೆ ಗೊಣಗಲಿ.

ಇದೇ ಚೀಟಿಯ ಇನ್ನೊಂದು ಪ್ರತಿಯನ್ನು ತೊಟ್ಟಿಲ ಕಾರ್ಯದ ದಿನ ಸೋದರತ್ತಿಯ ಕೈಗೆ ಕೊಡಿ. ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಊದುವವಳು ಅವಳೇ. ಊದುವಾಗ ಹಿಂದೆ ನಿಂತ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದುತ್ತಿರುತ್ತಾರೆ. ಆ ಗುದ್ದಿನ ನಡುವೆ ಮೂರೂ ಹೆಸರು ತಡವರಿಸದೆ ಅವಳ ಬಾಯಿಂದ ಹೊರಟರೆ, ಗುಗ್ಗರಿ ಹಂಚಲು ಶುರುಮಾಡಿ.